ಭಾವನ ತೋಟಾ ಎಷ್ಟುದ್ದ?

ಶನಿವಾರ, ಬೆಳಗ್ಗೆ ಏಳೂವರೆ. ಸ್ಥಳ: ಸಮರ್‌ಸೆಟ್‌ನಲ್ಲಿರುವ ಅಕ್ಕನ ಮನೆಯ ಗ್ಯಾರೇಜು. ಹಾಜರಿದ್ದವರು: ಅಕ್ಕ, ಭಾವ, ನಾನು, ಮತ್ತು ಒಂದು ರೈಫಲ್. ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು; ಯಾವುದನ್ನು ಬರೆಯುವುದಿದ್ದರೂ ಹೀಗೆ ಶುರು ಮಾಡದಿದ್ದರೆ ಪೆನ್ನು ಓಡುವುದಿಲ್ಲ.

ಮೊದಲೇ ಎಚ್ಚರಿಸಿಬಿಡುತ್ತೇನೆ. ನ್ಯೂಜೆರ್ಸಿಯ ಕನ್ನಡಿಗರಲ್ಲಿ ನನ್ನ ಭಾವನಷ್ಟು ಅಪಾಯಕಾರಿ ಮನುಷ್ಯರು ಇನ್ನೊಬ್ಬರಿಲ್ಲ. ಕಾಗದದ ಪಾಲಿಗೆ!

ಹೌದು, ಕಾಗದಕ್ಕೆ ಮಾತ್ರ. ಧಾರವಾಡದ ಈ ಮನುಷ್ಯ ಏಕಾದಶಿಯ ದಿನ ಅನ್ನವನ್ನೂ ಮುಟ್ಟುವುದಿಲ್ಲ. ಇನ್ನು ಪ್ರಾಣಿಯನ್ನು ಹೊಡೆಯುತ್ತಾರೆಯೇ? ಒಮ್ಮೆ ಮನೆಗೆ ಇಲಿ ಬಂತು. ರೈಫಲ್ ಬೀರುವಿನಲ್ಲೇ ಇತ್ತು. ಭಾವ ಇಲಿಯನ್ನು ಬೋನಿನಲ್ಲಿ ಹಿಡಿದು, ಬೋನನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು, ಸೀಟ್ ಬೆಲ್ಟ್ ಬಿಗಿದು, ನದಿಯಾಚೆಯ ಪಾರ್ಕಿನಲ್ಲಿ ಇಳಿಸಿ ಬಂದರು!

“ಅಷ್ಟು ದೊಡ್ಡ ಬಂದೂಕು ಇಟ್ಕೊಂಡು ಇಲೀಗೆ ಡ್ರೈವರ್ ಆದ್ರಲ್ಲ!” ಎಂದಳು ಅಕ್ಕ.

“ಅದಕ್ಕೂ ಹೆಂಡ್ತಿ ಮಕ್ಕಳು ಇರ್ತಾರಲಾ? ಹಾದ್ಯಾಗ ಹಸೀಬಾರ್ದಂತ ಚಪಾತಿ ತುಣಕ ಇಟ್ಟಿದ್ದೆ” ಎಂದರು ಭಾವ.

ಭಾವ ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತರಾದವರು. ನಿವೃತ್ತರಾದದ್ದು ಕೆಲಸದಿಂದ, ತಪಾಸಣೆಯಿಂದಲ್ಲ. ಅಂಗಡಿಯಲ್ಲಿ ಸಿಗುವ ತೋಟಾ ಅವರಿಗೆ ಆಗದು. “ಅದು ರೆಡಿಮೇಡ್ ಅಂಗಿ ಇದ್ದಂಗ. ಎಲ್ಲಾರಿಗೂ ಬರ್ತದ, ಯಾರಿಗೂ ಬರೋಬ್ಬರಿ ಕೂಡೂದಿಲ್ಲ.” ಹಾಗಾಗಿ ತಾವೇ ಹಿತ್ತಾಳೆಯ ಕೋಶಕ್ಕೆ ಮದ್ದು ತುಂಬಿ, ಅದರ ಬಾಯಿಗೆ ಗುಂಡನ್ನು ಒತ್ತಿ ಕೂರಿಸುತ್ತಾರೆ. ಗುಂಡು ಎಷ್ಟು ಆಳಕ್ಕೆ ಇಳಿಯಿತು ಎಂಬುದರ ಮೇಲೆ ತೋಟಾದ ಒಟ್ಟು ಉದ್ದ ನಿಂತಿದೆ. ಆ ಉದ್ದದ ಮೇಲೆ ಭಾವನ ಊಟ, ನಿದ್ದೆ, ಸಂಸಾರ ಎಲ್ಲ ನಿಂತಿವೆ!

“ಕೂದಲೆಳಿ ಗಿಡ್ಡ ಆದ್ರ ಗುಂಡು ನಳಿಗ್ಯಾಗ ಜಿಗಿಬೇಕಾಗ್ತದ. ಕೂದಲೆಳಿ ಉದ್ದ ಆದ್ರ ಒಳಗಿನ ಸುರುಳಿ ಗೆರಿಗೆ ಮೊದಲ ಹೋಗಿ ಬಡಿತದ, ಒತ್ತಡ ಏರ್ತದ” ಎಂದು ಅವರು ಊಟದ ಮೇಜಿನಲ್ಲಿ ಪಾಠ ಮಾಡುತ್ತಾರೆ.

“ಒತ್ತಡ ಏರ್ತಿರೋದು ನಂಗೆ. ಸಾರು ಆರ್ತಿದೆ, ಊಟ ಮಾಡಿ” ಎನ್ನುತ್ತಾಳೆ ಅಕ್ಕ.

ಪುಸ್ತಕದಲ್ಲಿ ಉದ್ದ ಕೊಟ್ಟಿರುತ್ತಾರಲ್ಲ, ನೋಡಿಕೊಂಡು ಮಾಡಬಾರದೇ ಎಂದು ನಾನೂ ಒಮ್ಮೆ ಕೇಳಿದ್ದೆ. ಕೇಳಬಾರದಿತ್ತು. ಪುಸ್ತಕದ್ದು ಎಲ್ಲರ ಬಂದೂಕಿಗೆ. ತಮ್ಮ ರೈಫಲ್ಲಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಪುಸ್ತಕದ ಸುರಕ್ಷಿತ ಮಿತಿಯೊಳಗೇ ಒಂದೊಂದೇ ಎಳೆ ಬದಲಿಸಿ, ಹೊಡೆದು, ರೈಫಲ್ಲಿನ ಬಾಯಿಂದಲೇ ಕೇಳಬೇಕಂತೆ! ಮಗಳ ಮದುವೆಗೂ ಇವರು ಇಷ್ಟು ವಿಚಾರಣೆ ಮಾಡಿರಲಿಲ್ಲ.

ಹೋದ ವರ್ಷ ಒಂದು ಇಡೀ ಬೇಸಿಗೆ ಅವರ ತೋಟಾಗಳೆಲ್ಲ ಮನೆಯಲ್ಲಿ ಅಳೆದರೆ ಸರಿ, ಶೂಟಿಂಗ್ ಕ್ಲಬ್ಬಿನಲ್ಲಿ ಅಳೆದರೆ ಕೂದಲೆಳೆಯಷ್ಟು ಗಿಡ್ಡ. ಗುಂಡು ಒತ್ತುವ ಯಂತ್ರ ಬಿಚ್ಚಿದರು, ತೊಳೆದರು, ಬೈದರು. ಕೊನೆಗೆ ನಾನು ಉದ್ದ ಅಳೆಯುವ ಕ್ಯಾಲಿಪರನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ದವಡೆಯಲ್ಲಿ ಗೋಧಿಹಿಟ್ಟು! ಅಕ್ಕನ ಚಪಾತಿ ದಪ್ಪವಾಯಿತೆಂದು ಸಾಬೀತು ಮಾಡಲು ಅದನ್ನು ಅಡುಗೆಮನೆಗೆ ಒಯ್ದಿದ್ದ ಮಹಾನುಭಾವರು ಇವರೇ. ಒಣಗಿದ ಹಿಟ್ಟಿನ ದಪ್ಪವೂ ತೋಟಾದ ಲೆಕ್ಕಕ್ಕೆ ಸೇರಿಕೊಳ್ಳುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ಎರಡು ಕ್ಯಾಲಿಪರ್: ಗ್ಯಾರೇಜಿನದು ಮಡಿ, ಅಡುಗೆಮನೆಯದು ಮೈಲಿಗೆ!

ಇಷ್ಟು ನಕ್ಕದ್ದಾಯಿತು. ಈ ಶನಿವಾರದ್ದು ಮಾತ್ರ ನಗುವ ವಿಷಯವಾಗಿರಲಿಲ್ಲ.

ಚಳಿಗಾಲದಿಂದ ಭಾವನ ಗುಂಡುಗಳು ಚೆದುರುತ್ತಿದ್ದವು. ಐದು ಗುಂಡುಗಳ ತೂತು ಇಪ್ಪತ್ತೈದು ಸೆಂಟಿನ ಒಂದು ಕ್ವಾರ್ಟರ್ ನಾಣ್ಯದಡಿ ಮುಚ್ಚಿಹೋಗಬೇಕು, ಅದು ಅವರ ಕ್ಲಬ್ಬಿನ ಪರೀಕ್ಷೆ. ಮೊದಲು ಮುಚ್ಚುತ್ತಿದ್ದವು, ಈಗ ಇಲ್ಲ. “ಉದ್ದ ತಪ್ಪೇದ” ಎಂಬುದು ಅವರ ಹಟ. ಆದರೆ ಅವರು ಟಿವಿ ನೋಡುತ್ತ ಕೂತಾಗ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಕಾಣದ ಮಾತ್ರೆಯೊಂದನ್ನು ಉರುಳಿಸುತ್ತಿರುತ್ತವೆ. ಅಂಥ ಬೆರಳುಗಳನ್ನು ನಾನು ನರರೋಗಿಗಳ ವಾರ್ಡಿನಲ್ಲಿ ನೋಡಿದ್ದೇನೆ. ಡಾಕ್ಟರಿಗೆ ತೋರಿಸಿ ಎಂದರೆ ಎದ್ದು ಗ್ಯಾರೇಜಿಗೆ ಹೋಗುತ್ತಿದ್ದರು. ಕೊನೆಗೆ ಅಕ್ಕ ಒಪ್ಪಂದ ಮಾಡಿಸಿದಳು: ಹೊಸ ಉದ್ದದ ತೋಟಾದಲ್ಲಿ ನಾಣ್ಯ ಮುಚ್ಚಿದರೆ ಅವಳು ಡಾಕ್ಟರ ಮಾತೆತ್ತುವುದಿಲ್ಲ, ತಪ್ಪು ಕೈಯದೆಂದು ತೇಲಿದರೆ ಅವರು ನರರೋಗ ತಜ್ಞರ ಬಳಿಗೆ ಹೋಗಲೇಬೇಕು. ಸಾಕ್ಷಿಗೆ ನಾನು.

ಬೆಳಗ್ಗೆ ಗ್ಯಾರೇಜಿನಲ್ಲಿ ಹೊಸ ಉದ್ದದ ತೋಟಾ ತಯಾರಾದವು. ಅಕ್ಕನನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೂ ಹತ್ತು ಗಂಟೆಗೆ ಕ್ಲಬ್ಬಿನ ಗುರಿ ಮೈದಾನ ತಲುಪಿದೆವು. ಭಾವ ಮೇಜಿಗೆ ಒರಗಿ, ಉಸಿರು ಹಿಡಿದು, ಐದೂ ಹೊಡೆದರು. ಹೋಗಿ ನೋಡಿದರೆ ಕಾಗದ ದೋಸೆಯ ಹಾಗೆ! ಒಂದು ತೂತು ಇಲ್ಲಿ, ಇನ್ನೊಂದು ಅಲ್ಲಿ.

ಭಾವ ಆ ಕಾಗದ ಕಿತ್ತು ಹೊಸದನ್ನು ಅಂಟಿಸಿದರು. ಇನ್ನೊಂದು ಎಳೆ ಉದ್ದ ಮಾಡೋಣ ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ.

“ತಪ್ಪು ಉದ್ದದ್ದೋ, ಕೈದೋ? ಒಮ್ಮಿಗೆ ಒಂದ ಬದಲಿಸಬೇಕು. ನಮ್ಮ ಲ್ಯಾಬಿನಾಗ ಹಂಗ ಮಾಡ್ತಿದ್ವಿ. ಉದ್ದ ಹಂಗ ಇರ್ಲಿ. ಕೈ ಬದಲಿಸೂಣು. ಮೇಟ್ರನ್, ನೀ ಕೂಡು.”

ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿ ಗುರಿ ಹೊಡೆದವಳು, ಇಲ್ಲಿಗೂ ಅತಿಥಿಯಾಗಿ ಬಂದು ಅವರ ರೈಫಲ್ ಹಿಡಿದವಳು.

“ಬೇಡ ಭಾವ.”

“ಯಾಕ, ಅಂಜಿಕೇನು?”

“ಹೊಡೆಯೋಕೆ ಅಂಜಿಕೆ ಇಲ್ಲ.”

ಅವರಿಗೆ ಅರ್ಥವಾಯಿತು. ತೋಟಾಗಳನ್ನು ನನ್ನ ಮುಂದೆ ಸಾಲಾಗಿ ನಿಲ್ಲಿಸಿದರು. “ಬೇಕಂತ ಅತ್ತಿತ್ತ ಹೊಡಿಬ್ಯಾಡ. ನನಗ ಗೊತ್ತಾಗ್ತದ.”

ಹೊಡೆದೆ. ಸಾವಿರಾರು ತೋಳುಗಳಿಗೆ ಸೂಜಿ ಚುಚ್ಚಿದ ಕೈ. ಅಲುಗಾಡು ಎಂದರೂ ಅಲುಗಾಡಲಿಲ್ಲ.

ಭಾವ ಕಾಗದದ ಮೇಲೆ ನಾಣ್ಯವಿಟ್ಟರು. ಐದೂ ಮುಚ್ಚಿದವು.

“ಉದ್ದ ಸರಿ ಅದ! ಬರೋಬ್ಬರಿ ಅದ! ನೋಡಿದೇನು?” ಎಂದು ಅವರು ಕೂಗಿದ್ದಕ್ಕೆ ಪಕ್ಕದ ಮೇಜಿನ ಅಮೆರಿಕನ್ ಮುದುಕರು ಚಪ್ಪಾಳೆ ತಟ್ಟಿದರು. ಭಾವ ಅವರತ್ತ ನಕ್ಕರು. ನಗು ಮುಖದಲ್ಲಿರುವಾಗಲೇ ಬಲಗೈಯನ್ನು ಒಮ್ಮೆ ನೋಡಿ, ಮೆಲ್ಲನೆ ಜೇಬಿಗೆ ಇಳಿಸಿದರು. ಎಡಗೈಯಿಂದ ಕಾರಿನ ಕೀಲಿ ತೆಗೆದು ನನಗೆ ಕೊಟ್ಟರು. “ನೀನ ಡ್ರೈವ್ ಮಾಡು.”

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು. “ಏನಾಯ್ತು?”

“ನನ್ನ ಉದ್ದ ಸರಿ ಇತ್ತು” ಎಂದು ಭಾವ ಕಾಗದ ಕೊಟ್ಟರು.

“ಇದು ನೀವು ಹೊಡೆದಿದ್ದಾ?”

“ಈಕಿ ಹೊಡೆದದ್ದು.”

ಅಕ್ಕ ಕಾಗದವನ್ನು ಮಡಿಸಿಕೊಂಡಳು. ಭಾವ ಚಪ್ಪಲಿ ಬಿಡುವ ಮುಂಚೆಯೇ ಫೋನ್ ತೆಗೆದು ಕ್ಲಿನಿಕ್ಕಿಗೆ ಸಂದೇಶ ಬಿಟ್ಟರು. ಹೆಸರು, ಜನ್ಮದಿನಾಂಕ, ಆಮೇಲೆ, “ಇಟ್ ಈಸ್ ಅಬೌಟ್ ಮೈ ರೈಟ್ ಹ್ಯಾಂಡ್.” ದನಿ ಗಟ್ಟಿಯಾಗಿಯೇ ಇತ್ತು.

ಸಂಜೆ ರೈಫಲ್ ಒರೆಸುವ ಕೆಲಸ. ನಳಿಗೆಯ ಒಳಗೆ ಒರೆಸುವ ಸರಳಿನ ತುದಿಯ ಕಣ್ಣಿಗೆ ಬಟ್ಟೆಯ ಚೂರು ಪೋಣಿಸಬೇಕು. ಭಾವನಿಗೆ ಒಮ್ಮೆ ತಪ್ಪಿತು. ಮತ್ತೆ ತಪ್ಪಿತು. ನಾನು ಏಳುವಷ್ಟರಲ್ಲಿ ಅಕ್ಕ ಕತ್ತರಿ ಹಿಡಿದು ಪಕ್ಕದಲ್ಲಿ ಕೂತಿದ್ದಳು.

“ಎಷ್ಟುದ್ದ ಕತ್ತರಿಸ್ಲಿ?”

“ನಿನ್ನ ಅಂದಾಜಿಗೆ ಕತ್ತರಿಸು” ಎಂದರು ಭಾವ.

ಅಕ್ಕ ಕತ್ತರಿಸಿ, ಪೋಣಿಸಿ, ಅವರ ಬಲಗೈಯನ್ನು ಸರಳಿನ ಹಿಡಿಯ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಕೂಡಿ ನೂಕಿದರು, ಎಳೆದರು, ಮತ್ತೆ ನೂಕಿದರು. ಕೊನೆಯ ಬಟ್ಟೆ ಬೆಳ್ಳಗೆ ಹೊರಬಂತು. ರೈಫಲ್ ಬೀರುವಿಗೆ ಹೋಯಿತು. ಬೀಗ ನಾನು ಹಾಕಿದೆ.