ಬಸವೇಶ್ವರನಗರದ ಸಮುದ್ರ

ಬೆಂಗಳೂರಿನಲ್ಲಿ ಸಮುದ್ರವಿಲ್ಲ ಎಂಬ ಸಂಗತಿಯನ್ನು ನಮ್ಮ ಮನೆಯವರಿಗೆ ಯಾರೂ ಸರಿಯಾಗಿ ತಿಳಿಸಿ ಹೇಳಿರಲಿಲ್ಲವೆಂದು ಕಾಣುತ್ತದೆ. ಹೇಳಿದ್ದರೂ ಅವರು ನಂಬುತ್ತಿರಲಿಲ್ಲ ಬಿಡಿ. ಏಕೆಂದರೆ ನಮ್ಮ ಹಾಲ್‌ನಲ್ಲೇ ಒಂದಿತ್ತು! ಸೋಫಾದ ಎದುರು, ಎಲ್ಲರ ಮನೆಯಲ್ಲೂ ಟಿ.ವಿ. ಇರುವ ಜಾಗದಲ್ಲಿ, ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಕಲ್ಲುಬಂಡೆ, ಕಿತ್ತಳೆ ಬಣ್ಣದ ಒಂದು ಜೋಡಿ ಮೀನು, ಮತ್ತು ಜೀವಂತ ಹವಳ. ಟಿ.ವಿ. ಅಡುಗೆಮನೆಗೆ ವರ್ಗವಾಗಿತ್ತು. ಧಾರಾವಾಹಿಯ ಸೊಸೆ ಅಳುವ ಹೊತ್ತಿಗೆ ಸರಿಯಾಗಿ ನಾನು ಈರುಳ್ಳಿ ಹೆಚ್ಚುತ್ತಿದ್ದುದರಿಂದ, ನನ್ನ ಕಣ್ಣೀರು ಯಾರ ಲೆಕ್ಕಕ್ಕೆ ಎಂಬುದು ಇವರಿಗೆ ಎಂದೂ ತಿಳಿಯಲಿಲ್ಲ.

ಇವರೇನು ಕರಾವಳಿಯವರೇ? ಹುಟ್ಟಿದ್ದು ಮಾಗಡಿ ರಸ್ತೆ, ಓದಿದ್ದು ರಾಜಾಜಿನಗರ, ಕೆಲಸ ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಈಜು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಂಗಳೂರಿನ ಬೀಚಿನಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಪ್ರೀತಿ ಎಂದುಕೊಂಡಿದ್ದೆ. ಅಲೆಯ ಭಯ!

ತೊಟ್ಟಿಯ ನೀರನ್ನು ಪ್ಯಾಕೆಟ್ಟಿನ ಉಪ್ಪು ಬೆರೆಸಿ ಇವರೇ ತಯಾರಿಸುತ್ತಿದ್ದರು. ಆದರೂ ಅಸಲಿ ಸಮುದ್ರದ ನೀರಿನ ಮೇಲೆ ಒಂದು ಆಸೆ. ನೆಂಟರಲ್ಲಿ ಯಾರು ಆ ಕಡೆ ಹೊರಟರೂ ಅವರ ಕೈಗೆ ಒಂದು ಖಾಲಿ ಕ್ಯಾನು ಹೋಗುತ್ತಿತ್ತು. ಒಮ್ಮೆ ಇವರ ಅಕ್ಕ, ಎಂದರೆ ಅತ್ತಿಗುಪ್ಪೆಯಲ್ಲಿರುವ ನನ್ನ ನಾದಿನಿ, ಗೋಕರ್ಣಕ್ಕೆ ಹೋಗಿ ಬಂದರು. ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ ಮನೆಗೆ ಬಂದು, ಪುಣ್ಯಕ್ಷೇತ್ರದ ನೀರನ್ನು ನೆಲದ ಮೇಲಿಡಲು ಮನಸ್ಸಾಗದೆ, ಕ್ಯಾನನ್ನು ದೇವರ ಮನೆಯಲ್ಲಿಟ್ಟು ಹೊರಟುಹೋದರು. ಮಾರನೆಯ ದಿನ ಶ್ರಾವಣ ಶನಿವಾರ. ಬೀದಿಯ ಹೆಂಗಸರು ಬಂದಿದ್ದರು. ಇಷ್ಟು ದೊಡ್ಡ ಕ್ಯಾನು ತುಂಬ ತೀರ್ಥವೇ ಎಂದು ನನಗೆ ಅನುಮಾನ ಬರಬೇಕಿತ್ತು. ನಾದಿನಿಯ ಭಕ್ತಿಯೇ ಅಷ್ಟು ದೊಡ್ಡದು ಎಂದುಕೊಂಡೆ. ತುಳಸಿ ಹಾಕಿ ಎಲ್ಲರಿಗೂ ಕೊಟ್ಟೆ. ಕುಡಿದವರೆಲ್ಲ ಕಣ್ಣು ಮುಚ್ಚಿದರು. ಎದುರುಮನೆಯ ಆಂಟಿ ಮಾತ್ರ, “ಶಕ್ತಿ ಇದೆ ಕಣ್ರೀ ಇದ್ರಲ್ಲಿ,” ಎಂದು ಹೇಳಿ, ಕುಡಿಯಲು ಒಂದು ಲೋಟ ನೀರು ಕೇಳಿದರು.

ಸಂಜೆ ಇವರು ಬಂದು ಕ್ಯಾನನ್ನು ಎತ್ತಿ ನೋಡಿದರು.

“ನನ್ ಸಮುದ್ರ ಯಾರೇ ಕುಡಿದಿದ್ದು?”

ಈಗ ಬೆಳಕಿನ ವಿಷಯಕ್ಕೆ ಬರುತ್ತೇನೆ. ಹವಳಕ್ಕೆ ಗಿಡದ ಹಾಗೆ ಬೆಳಕೇ ಅನ್ನ. ತೊಟ್ಟಿಯ ಮೇಲೆ ಸಾಲಾಗಿ ಟ್ಯೂಬ್‌ಲೈಟುಗಳಿದ್ದವು. ಹಸಿರು ಹವಳವೊಂದನ್ನು ಇವರಂಥದೇ ಹುಚ್ಚಿನ ಕೆಂಗೇರಿಯ ಸ್ನೇಹಿತರೊಬ್ಬರು ತಮ್ಮ ಹವಳದಿಂದ ತುಂಡು ಮಾಡಿ ಕೊಟ್ಟಿದ್ದರು. ಅದು ಟ್ಯೂಬಿನ ಬೆಳಕಿನಲ್ಲಿ ಬದುಕಿತ್ತು, ಅಷ್ಟೆ. ಬಣ್ಣ ಮಂಕು. ಇವರಿಗೆ ಸಮಾಧಾನವಿಲ್ಲ. ಆಗ ನಮಗೆಲ್ಲ ಎಲ್‌ಇಡಿ ಎಂದರೆ ಚೀನಾ ಟಾರ್ಚು. ಇವರು ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಕಡಲೆಕಾಳಿನಂಥ ನೀಲಿ ಎಲ್‌ಇಡಿಗಳನ್ನು ಆರಿಸಿ ತಂದರು. ಅವನ್ನು ಅಲ್ಯೂಮಿನಿಯಂ ಪಟ್ಟಿಗೆ ಕೂರಿಸಿ, ಪಟ್ಟಿಯನ್ನು ಟ್ಯೂಬುಗಳ ನಡುವೆ ಬಿಗಿದರು.

“ಇರೋ ಟ್ಯೂಬ್ ಸಾಲ್ದೇನೋ?” ಎಂದು ನಾದಿನಿ ಕೇಳಿದರು.

“ಅಕ್ಕ, ಟ್ಯೂಬು ಎಲ್ಲಾ ಕಡೆಗೂ ಸಮವಾಗಿ ಬೆಳಕು ಕೊಡುತ್ತೆ, ಕಲ್ಲಿನ ಸಂದಿಗೂ ಹೋಗುತ್ತೆ. ಎಲ್‌ಇಡಿ ನೇರವಾಗಿ ಬಿದ್ದು ನೀರಲ್ಲಿ ಬೆಳಕಿನ ಅಲೆ ಆಡಿಸುತ್ತೆ, ಬಣ್ಣ ಎಬ್ಬಿಸುತ್ತೆ. ಟ್ಯೂಬು ಅನ್ನ, ಎಲ್‌ಇಡಿ ಸಾರು. ಎರಡೂ ಬೇಕು.”

“ಹಂಗಾದ್ರೆ ಮಜ್ಜಿಗೆಗೆ ಏನ್ ಬಲ್ಬ್ ಹಾಕ್ತೀಯ?”

ಹಾಸ್ಯವಿರಲಿ, ಕ್ರಮ ಇವರ ತಲೆಯಲ್ಲಿ ಖಚಿತವಾಗಿತ್ತು. ಬೆಳಿಗ್ಗೆ ಮೊದಲು ನೀಲಿ. ಹೊತ್ತೇರಿದ ಮೇಲೆ ಒಂದೊಂದಾಗಿ ಟ್ಯೂಬು. ಸಂಜೆ ಟ್ಯೂಬುಗಳು ಆರಿ, ಕೊನೆಗೆ ಮತ್ತೆ ನೀಲಿಯೊಂದೇ. ಹೊಸ ಬೆಳಕನ್ನು ಹವಳಕ್ಕೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು ಎಂಬುದೂ ಗೊತ್ತಿತ್ತು. ಎಲ್ಲವೂ ಗೊತ್ತಿದ್ದ ಮನುಷ್ಯ ಮಾಡಿದ್ದೇನು? ದೀಪದ ಪಟ್ಟಿ ಸಿದ್ಧವಾದದ್ದು ಆಯುಧಪೂಜೆಯ ಹಿಂದಿನ ದಿನ. ಅದೂ ಒಂದು ಆಯುಧವಲ್ಲವೇ? ಸ್ಕೂಟರಿಗೆ, ಸ್ಕ್ರೂಡ್ರೈವರಿಗೆ, ನನ್ನ ಮಿಕ್ಸಿಗೆ ಪೂಜೆಯಾದ ಮೇಲೆ ಪಟ್ಟಿಗೂ ಕುಂಕುಮ, ಸೇವಂತಿಗೆ. ಬೂದುಗುಂಬಳ ಒಡೆದು, ಎಲ್ಲ ಟ್ಯೂಬುಗಳನ್ನೂ ಎಲ್ಲ ಎಲ್‌ಇಡಿಗಳನ್ನೂ ಒಟ್ಟಿಗೆ ಹಾಕಿದರು. ಪುರಿ, ಸಿಹಿ ತೆಗೆದುಕೊಳ್ಳಲು ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಕೊಟ್ಟ ಕಡಲೆಪುರಿ ಕೂಡ ನೀಲಿಯಾಗಿ ಹೊಳೆಯುತ್ತಿತ್ತು. ನೋಡುವವರು ಬರುತ್ತಲೇ ಇದ್ದುದರಿಂದ ಆರಿಸಲು ಇವರಿಗೆ ಮನಸ್ಸಾಗಲಿಲ್ಲ. ಇಡೀ ದಿನ ಹಾಗೇ ಉರಿಯಿತು.

ಮಾರನೆಯ ದಿನ ಹವಳ ಮುದುಡಿಕೊಂಡಿತ್ತು. ವಾರ ಕಳೆಯುವಷ್ಟರಲ್ಲಿ ಬೆಳ್ಳಗಾಯಿತು. ಸುಣ್ಣದ ಬಿಳುಪು.

ನಾದಿನಿ ಬಂದು ನೋಡಿದರು. “ಸತ್ತೋಗಿದೆ ಕಣೋ. ದೃಷ್ಟಿ.”

“ಇಲ್ಲ ಅಕ್ಕ, ಜೀವ ಇದೆ. ಬೆಳಕು ಜಾಸ್ತಿಯಾಗಿ ಬಣ್ಣ ಬಿಟ್ಟಿದೆ, ಅಷ್ಟೆ.”

“ನೋಡೋಣ. ಇದು ಸತ್ರೆ ತೊಟ್ಟಿ ಖಾಲಿ ಮಾಡಿ ಅವಳ ಟಿ.ವಿ. ವಾಪಸ್ ಇಲ್ಲಿ ಇಡ್ತೀಯಾ?”

“ಇಡ್ತೀನಿ,” ಎಂದುಬಿಟ್ಟರು ಇವರು.

ಹೀಗೆ, ನಾನು ಬಾಯಿ ತೆರೆಯುವ ಮೊದಲೇ ನನ್ನ ಟಿ.ವಿ. ಒಂದು ಪ್ರಾಣಿಯ ಪ್ರಾಣಕ್ಕೆ ಪಣವಾಯಿತು. ಇವರು ಮೂಲೆಯಲ್ಲಿ ಕೂತು ಯೋಚಿಸಿದರು. ಆಮೇಲೆ ಎದ್ದು ಹೋಗಿ ನಮ್ಮ ಮಂಚದ ಸೊಳ್ಳೆಪರದೆ ಕತ್ತರಿಸಿದರು. ಅದನ್ನು ಹಲವು ಮಡಿಕೆ ಮಾಡಿ ದೀಪದ ಕೆಳಗೆ, ಆ ಹವಳದ ಮೇಲೆ ಬರುವಂತೆ ಹಾಸಿದರು. ವಾರಕ್ಕೊಂದು ಪದರ ತೆಗೆಯುವುದು, ಬೆಳಕು ಮೆಲ್ಲಗೆ ಏರುವುದು, ಇದು ಅವರ ಉಪಾಯ. ಹವಳಕ್ಕೆ ಪರದೆ, ನಮಗೆ ಸೊಳ್ಳೆ! ಇವರು ಕೆಲಸಕ್ಕೆ ಹೋದಾಗ ಮಧ್ಯಾಹ್ನದ ಬೆಳಕಿನಲ್ಲಿ ಅದು ಬೆರಳಿನಂಥ ಎಳೆಗಳನ್ನು ಬಿಚ್ಚಿತೇ ಎಂದು ನೋಡುವ ಕೆಲಸ ನನ್ನದಾಯಿತು. ಕಾರ್ಖಾನೆಯ ಫೋನಿಗೆ ಮಾಡಿ ಹೇಳಬೇಕು.

“ಹೇಗಿದೆ?”

“ಮಲಗಿದೆ.”

“ಜ್ವರ ಬಂದವರ ಥರಾನಾ, ಸಿಟ್ಟು ಬಂದವರ ಥರಾನಾ?”

“ನಿಮ್ಮಕ್ಕನ ಥರ.”

“ಹಾಗಾದ್ರೆ ಬದುಕುತ್ತೆ ಬಿಡು.”

ಪರದೆಯ ಪದರಗಳು ತೆಳುವಾಗುತ್ತ ಬಂದವು. ಒಂದು ಮಧ್ಯಾಹ್ನ ಆ ಬಿಳುಪಿನ ನಡುವೆ ಎಲ್ಲೋ ಹಸಿರಿನ ಛಾಯೆ ಕಂಡ ಹಾಗಾಯಿತು. ಕಣ್ಣು ಉಜ್ಜಿಕೊಂಡೆ. ಫೋನು ಮಾಡಲಿಲ್ಲ. ತಪ್ಪಾಗಿದ್ದರೆ? ಮರುದಿನವೂ ಇತ್ತು. ಆಗ ಮಾಡಿದೆ. ಆ ಕಡೆಯಿಂದ ಯಂತ್ರಗಳ ಸದ್ದಿನ ನಡುವೆ, “ಅರ್ಧ ದಿನ ರಜ ಹಾಕ್ತೀನಿ,” ಎಂದರು.

ಮುಂದೆ ನಡೆದದ್ದು ವಿಜಯೋತ್ಸವ. ಬಣ್ಣ ಮೊದಲಿನಷ್ಟೇ ಆಗಲಿಲ್ಲ, ಮೊದಲು ಎಂದೂ ಇರದಷ್ಟಾಯಿತು. ನೀಲಿ ಬೆಳಕಿನಲ್ಲಿ ಹಸಿರು ತಾನೇ ಉರಿದ ಹಾಗೆ, ಟ್ಯೂಬಿನ ಬೆಳಕಿನಲ್ಲಿ ಎಳೆಯ ಪೈರು ತೂಗಿದ ಹಾಗೆ. ಸಂಕ್ರಾಂತಿಯ ವೇಳೆಗೆ ಹವಳದ ಒಂದು ತಲೆ ಸೀಳಿ ಎರಡಾಗಿತ್ತು. ಇವರು ಬೀದಿಗೆಲ್ಲ ಹೇಳಿಬಂದರು. ಎಳ್ಳುಬೆಲ್ಲ ಬೀರಲು ಬಂದವರೆಲ್ಲ ಸಾಲಾಗಿ ತೊಟ್ಟಿಯ ಮುಂದೆ ನಿಂತು ನೋಡಿದರು. ತೀರ್ಥ ಕುಡಿದಿದ್ದ ಆಂಟಿ ಕೈ ಕೂಡ ಮುಗಿದರು. ನಾದಿನಿ ಕನ್ನಡಕ ಹಾಕಿಕೊಂಡು, ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು.

“ಸೋತೆ ಅಂತ ಒಪ್ಕೋ ಅಕ್ಕ.”

“ಒಪ್ಕೊಳ್ಳೋದೇನು ಬಂತು? ನಾನು ಹಂಗೆ ಅಂದಿದ್ದಕ್ಕೇ ನೀನು ಉಳಿಸಿದ್ದು,” ಎಂದವರು ದನಿ ತಗ್ಗಿಸಿ, “ನಂಗೊಂದು ಮರಿ ಕೊಡೋ,” ಎಂದರು.

ಟಿ.ವಿ. ಅಡುಗೆಮನೆಯಲ್ಲೇ ಉಳಿಯಿತು. ನನಗೆ ಬೇಸರವಾಯಿತೇ? ಸುಳ್ಳು ಹೇಳಬಾರದು, ಆ ದಿನ ಪಾಯಸ ಮಾಡಿದವಳು ನಾನೇ.

ಅದೇ ಬೇಸಿಗೆಯಲ್ಲಿ ಇವರು ಹೋದರು. ಕೆಲಸದಿಂದ ಬಂದು, ಕಾಫಿ ಲೋಟ ಕೆಳಗಿಟ್ಟು, ಎದೆ ಒತ್ತಿಕೊಂಡರು. ಅಷ್ಟೆ.

ಹಾಲ್‌ನಲ್ಲಿ ಅವರನ್ನು ಮಲಗಿಸಿದ್ದ ಜಾಗದಲ್ಲಿ ಎಣ್ಣೆಯ ದೀಪ ಹಚ್ಚಿಟ್ಟರು. ನಾದಿನಿ ತೊಟ್ಟಿಯ ದೀಪಗಳನ್ನೆಲ್ಲ ಆರಿಸಿದರು. “ಸಾವಿನ ಮನೇಲಿ ಈ ಥಳುಕು ಬೇಡ ಕಣೇ. ಒಂದು ದೀಪ ಸಾಕು.” ನನಗೆ ಯಾವುದಕ್ಕೂ ಬೇಡ ಎನ್ನುವ ಶಕ್ತಿಯಿರಲಿಲ್ಲ. ಬಂದವರು ಬಂದರು, ಅತ್ತರು, ಹೋದರು. ನಾನು ಗೋಡೆಗೆ ಒರಗಿಕೊಂಡೇ ಇದ್ದೆ. ಮೂರನೆಯ ಬೆಳಿಗ್ಗೆ ಕಣ್ಣು ತೊಟ್ಟಿಯ ಕಡೆ ಹೋಯಿತು. ಕತ್ತಲ ನೀರಿನಲ್ಲಿ ಹವಳ ಮುದುಡಿ ಕೂತಿತ್ತು.

ಗೋಡೆ ಹಿಡಿದು ಎದ್ದೆ. “ಅಕ್ಕ, ಅವರಿಗೆ ಒಂದು ದೀಪ ಸಾಕು. ಇದಕ್ಕೆ ಸಾಲದು.”

ನಾದಿನಿ ನನ್ನನ್ನೇ ನೋಡಿದರು. ಏನಾದರೂ ಅಂದಾರು ಎಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಸ್ವಿಚ್ಚುಗಳ ಹತ್ತಿರ ಹೋಗಿ ನಿಂತರು.

“ಮೊದಲು ಯಾವ್ದು ಹಾಕೋದೇ?”

“ನೀಲಿ.”

ಹಾಕಿದರು. ಅವರ ಕೈ ಪಕ್ಕದ ಸ್ವಿಚ್ಚಿಗೆ ಹೋಯಿತು.

“ಈಗಲೇ ಬೇಡ ಅಕ್ಕ. ಟ್ಯೂಬಿಗೆ ಇನ್ನೂ ಹೊತ್ತಿದೆ, ಕೂತ್ಕೊಳ್ಳಿ,” ಎಂದೆ.

ಇಬ್ಬರೂ ತೊಟ್ಟಿಯ ಮುಂದೆ ಕೂತು ಹೊತ್ತೇರುವುದನ್ನೇ ಕಾದೆವು.