ಲೀಟರಣ್ಣ ಕೇಳುತ್ತಿದ್ದಾರೆ

ಆವತ್ತಿನ ರಾದ್ಧಾಂತಕ್ಕೆಲ್ಲ ಕಾರಣ, ಲೀಟರಣ್ಣನ ಫೋನು ಬೆಳಗಾಗುವಷ್ಟರಲ್ಲಿ ಕನ್ನಡ ಕಲಿತುಬಿಟ್ಟದ್ದು.

ಸರಿಯಾಗಿ ಹೇಳಬೇಕೆಂದರೆ ಕಲಿತದ್ದು ಫೋನಲ್ಲ, ಅದರೊಳಗಿದ್ದ ‘ಅಕ್ಕಪಕ್ಕ’ ಎಂಬ ಹಾಡಿನ ಆ್ಯಪು. ಹಾಡು ಹಾಕಿದರೆ ಅದು ಹಾಡುತ್ತಿತ್ತು. ಜೊತೆಗೆ ಸುತ್ತಮುತ್ತ ಯಾರು ಯಾವ ಮೂಲೆಯಲ್ಲಿ ಕೂತು ಯಾವ ಹಾಡು ಹಾಕಿಕೊಂಡಿದ್ದಾರೆ ಎಂಬುದನ್ನು ನಕ್ಷೆಯ ಮೇಲೆ ಚುಕ್ಕೆಯಿಟ್ಟು ತೋರಿಸುತ್ತಿತ್ತು. ಊರಿನವರು ಮುಗಿಬಿದ್ದು ಅದನ್ನು ಹಾಕಿಸಿಕೊಂಡದ್ದು ಸಂಗೀತದ ಹಸಿವಿನಿಂದೇನೂ ಅಲ್ಲ. ಇಷ್ಟು ದಿನ ಪಕ್ಕದ ಮನೆಯ ಸಮಾಚಾರ ಬೇಕೆಂದರೆ ಕಿಟಕಿಯ ಬಳಿ ನಿಂತು ಕಾಲು ನೋಯಿಸಿಕೊಳ್ಳಬೇಕಿತ್ತು. ಈಗ ಮಲಗಿದಲ್ಲೇ ಸಿಗುತ್ತಿತ್ತು.

ನಿನ್ನೆಯವರೆಗೂ ಆ ಆ್ಯಪು ಇಂಗ್ಲಿಷಿನಲ್ಲಿತ್ತು. ಹಾಗಾಗಿ ಎಲ್ಲರೂ ಬರೀ ಚುಕ್ಕೆ ನೋಡಿ ತೃಪ್ತಿಪಡುತ್ತಿದ್ದರು. ಬೆಳಿಗ್ಗೆ ಏಳುವಾಗ ಕನ್ನಡ ಬಂದಿತ್ತು. ಅದನ್ನು ಕನ್ನಡ ಮಾಡಿದ ಪುಣ್ಯಾತ್ಮ ಯಾವ ಊರಿನವನೋ, ಹಾಡಿನ ಹೆಸರಿನ ಹಿಂದೆ ಮುಂದೆ ಒಂದು ಚಿಹ್ನೆ ಹಾಕುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹೀಗಾಗಿ, ಲೀಟರಣ್ಣ ಹಿತ್ತಲಲ್ಲಿ ಕನ್ನಡಿ ನೇತುಹಾಕಿ, ಗೋಡೆಯ ಮೇಲೆ ಫೋನಿಟ್ಟು, ಅದು ತಾನಾಗಿ ಹಾಡಿದ್ದನ್ನು ಕೇಳುತ್ತ ಗಡ್ಡ ಹೆರೆಯುತ್ತಿದ್ದಾಗ ಅಕ್ಕಪಕ್ಕದ ಫೋನುಗಳಲ್ಲೆಲ್ಲ ಒಂದು ಸಾಲು ಮೂಡಿತು:

‘ಲೀಟರಣ್ಣ ಬಿಡುಗಡೆ ಕೇಳುತ್ತಿದ್ದಾರೆ. ನಿಮಗೆ ತೀರ ಹತ್ತಿರ.’

ತೀರ ಹತ್ತಿರದಲ್ಲಿದ್ದವಳು ಹಿಂದಿನ ಮನೆಯ ದೊಡ್ಡಮ್ಮ. ಅವಳು ಗೋಡೆಯ ಮೇಲೆ ಮೊದಲು ಫೋನನ್ನೂ ಆಮೇಲೆ ಗಲ್ಲವನ್ನೂ ಇಟ್ಟು, ಪಾತ್ರೆ ತೊಳೆಯುತ್ತಿದ್ದ ಲೀಟರಣ್ಣನ ಹೆಂಡತಿಯನ್ನು ಕರೆದಳು.

“ಏನೇ, ನಿನ್ನ ಗಂಡ ಬಿಡುಗಡೆ ಕೇಳ್ತಿದಾನೆ. ನಂಗೊಂದು ಮಾತು ಹೇಳಬಾರದಾಗಿತ್ತಾ?”

“ಯಾರು ದೊಡ್ಡಮ್ಮ ಹಾಗಂದಿದ್ದು?”

“ಯಾರೂ ಅನ್ನಬೇಕಾಗಿಲ್ಲ. ಅಚ್ಚಾಗಿ ಬಂದಿದೆ, ನೋಡು.”

ಹೆಂಡತಿ ನೋಡಿದಳು. ಕೈಯಲ್ಲಿದ್ದ ಸೌಟನ್ನು ಇಳಿಸದೆ ಗಂಡನ ಎದುರು ಬಂದು ನಿಂತಳು. ಲೀಟರಣ್ಣನ ಒಂದು ಕೆನ್ನೆ ನುಣುಪಾಗಿತ್ತು, ಇನ್ನೊಂದರಲ್ಲಿ ನೊರೆ ಇತ್ತು.

“ಅದು ಹಾಡು ಕಣೇ! ಹಾಡಿನ ಹೆಸರೇ ಬಿಡುಗಡೆ ಅಂತ.”

“ಹಾಡು ಅಂತ ನಂಗೂ ಗೊತ್ತು ರೀ. ಅದರಲ್ಲಿ ಸಾವಿರ ಹಾಡಿವೆಯಲ್ಲ, ಬೆಳ್ಳಂಬೆಳಿಗ್ಗೆ ನಿಮ್ಮ ಬೆರಳು ಇದರ ಮೇಲೇ ಯಾಕೆ ಹೋಯ್ತು?”

“ನಾನು ಒತ್ತಿಲ್ಲ. ಅದಾಗಿ ಅದೇ ಬಂತು.”

“ಹಾಗಾದ್ರೆ ನಿಮ್ಮ ಮನಸ್ಸು ಫೋನಿಗೂ ಗೊತ್ತಾಗಿದೆ ಅಂತಾಯ್ತು.”

ದೊಡ್ಡಮ್ಮ ಗೋಡೆಯ ಮೇಲಿಂದ ನಿಟ್ಟುಸಿರಿಟ್ಟಳು. “ಇಂಥದ್ದನ್ನ ಯಾರೂ ಎದುರೆದುರೇ ಕೇಳಲ್ಲ ಕಣಮ್ಮಾ. ಹೀಗೇ ಮೆತ್ತಗೆ, ಹಾಡಲ್ಲೇ ಶುರು ಮಾಡೋದು.”

ಇನ್ನೊಂದು ಕೆನ್ನೆಯನ್ನು ಹಾಗೇ ಬಿಟ್ಟು, ಅಂಗಿ ಸಿಕ್ಕಿಸಿಕೊಂಡು, ಲೀಟರಣ್ಣ ಮನೆಯಿಂದ ಹೊರಬಿದ್ದ.

ಅವನಿಗೆ ಆ ಹೆಸರು ಬಂದದ್ದು ಹಾಲಿನ ಡೇರಿಯಿಂದ. ಊರಿನವರು ತಂದ ಹಾಲನ್ನು ಅಳೆದು ದೊಡ್ಡ ಕ್ಯಾನಿಗೆ ಸುರಿಯುವುದು ಅವನ ಕೆಲಸ. ಪಕ್ಕದಲ್ಲಿ ನಿಂತು ಹಾಲಿಗೆ ಗಾಜಿನ ನಳಿಗೆ ಬಿಟ್ಟು ನೀರು ಎಷ್ಟಿದೆ ಎಂದು ನೋಡುವವನಿಗೆ ‘ಡಿಗ್ರಿ’ ಎಂದು ಹೆಸರು. ಎಂಟನೆಯ ಕ್ಲಾಸು ದಾಟದವನಿಗೆ ಆ ಹೆಸರಿನ ಮೇಲೆ ತುಂಬ ಮಮತೆ. ಇಬ್ಬರೂ ಡೇರಿಯಲ್ಲಿ ತಾತ್ಕಾಲಿಕ ನೌಕರರು. ಅದರಲ್ಲೂ ಲೀಟರಣ್ಣ ಡೇರಿಯ ಗೋಡೆಗೆ ಮೊದಲ ಸುಣ್ಣ ಬಿದ್ದಾಗಿನಿಂದ ತಾತ್ಕಾಲಿಕ. ಅಳೆಯುವ ಪಾತ್ರೆ ಬದಲಾಗಿತ್ತು, ಬಾಗಿಲು ಬದಲಾಗಿತ್ತು, ಅಧ್ಯಕ್ಷರ ಹಲ್ಲು ಕೂಡ ಬದಲಾಗಿತ್ತು. ಅವನ ತಾತ್ಕಾಲಿಕ ಮಾತ್ರ ಕಾಯಂ ಆಗಿ ಉಳಿದುಬಿಟ್ಟಿತ್ತು.

ಆ ದಿನ ಸಂಜೆ ಸದಸ್ಯರ ಸಭೆಯಿತ್ತು. ಇಬ್ಬರಲ್ಲಿ ಒಬ್ಬನನ್ನು ಕಾಯಂ ಮಾಡುವುದೆಂದು ತೀರ್ಮಾನವಾಗಿತ್ತು; ಯಾರನ್ನು ಎಂಬುದು ಅಧ್ಯಕ್ಷರ ಬಾಯಲ್ಲಿತ್ತು. ಸಿಗದವನು ಇನ್ನೊಬ್ಬ ಅಧ್ಯಕ್ಷರು ಬರುವವರೆಗೆ ಕಾಯಬೇಕು. ನ್ಯಾಯವಾಗಿ ನೋಡಿದರೆ ಅದು ಲೀಟರಣ್ಣನಿಗೇ ಸಲ್ಲಬೇಕಾದದ್ದು. ಆದರೆ ಅವನು ಬಾಯಿಬಿಟ್ಟು ಕೇಳುವ ಜಾತಿಯವನೇ ಅಲ್ಲ. ಕೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿ ಅಧ್ಯಕ್ಷರ ಕೋಣೆಗೆ ಎಷ್ಟೋ ಸಲ ಹೋಗಿದ್ದ. ಪ್ರತಿ ಸಲವೂ “ಫ್ಯಾನು ಜೋರು ಮಾಡ್ಲಾ ಸಾರ್?” ಎಂದು ಕೇಳಿ ವಾಪಸು ಬಂದಿದ್ದ.

ದಾರಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಹಾಡಿನಿಂದ ಕೆಟ್ಟದ್ದನ್ನು ಹಾಡಿನಿಂದಲೇ ಸರಿಮಾಡಬೇಕು. ನಿಂತು, ಬೆರಳಿನಿಂದ ಸರಿಸುತ್ತ ಸರಿಸುತ್ತ ಹುಡುಕಿದ. ‘ಕ್ಷಮೆ’ ಎಂಬ ಹಾಡು ಸಿಕ್ಕಿತು. ಒತ್ತಿ ಅಂಗಿಯ ಜೇಬಿಗಿಳಿಸಿ, ಹೆಂಡತಿ ನೋಡಿ ಕರಗುತ್ತಾಳೆ ಎಂಬ ಸಮಾಧಾನದಲ್ಲಿ ಡೇರಿಗೆ ಬಂದು ಕೆಲಸಕ್ಕೆ ನಿಂತ.

ಹೆಂಡತಿ ನಿಜಕ್ಕೂ ಕರಗಿದಳು. ಆದರೆ ಆ ಸಾಲು ಅವಳೊಬ್ಬಳಿಗೇ ಹೋಗಿರಲಿಲ್ಲ.

ಡೇರಿಯ ಮುಂದೆ ಹಾಲು ತಂದವರ ಸಾಲು ಬೆಳೆದಿತ್ತು. ಸಾಲಿನ ಮೊದಲಲ್ಲಿ ಎಮ್ಮೆಯಕ್ಕ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಎಮ್ಮೆ ಕಟ್ಟಿದವಳು, ದನಿಯೂ ಅದಕ್ಕೆ ತಕ್ಕಂತೆ. ಅವಳು ಕ್ಯಾನನ್ನು ಮುಂದೆ ತಳ್ಳದೆ ಫೋನು ನೋಡುತ್ತಲೇ ನಿಂತಿದ್ದಳು.

“ಏನು ಮಾಡಿದ್ಯೋ ಲೀಟರಾ?”

“ಯಾಕಕ್ಕಾ?”

“ಕ್ಷಮೆ ಕೇಳ್ತಿದೀಯಲ್ಲ?”

“ಅಯ್ಯೋ ಅಕ್ಕಾ, ನಾನೇನೂ ಮಾಡಿಲ್ಲ!”

“ಏನೂ ಮಾಡದೆ ಗಂಡಸು ಕ್ಷಮೆ ಕೇಳ್ತಾನಾ? ನಮ್ಮನೇಲಿ ಮಾಡಿದ್ದಕ್ಕೂ ಇನ್ನೂ ಯಾರೂ ಕೇಳಿಲ್ಲ.”

ಸಾಲಿನ ಹಿಂದಿನಿಂದ ಯಾರೋ “ಅಳತೆ ಕಡಿಮೆ ಹಿಡಿದಿರಬೇಕು” ಎಂದರು. ಅದು ಮುಂದಕ್ಕೆ ಬರುವಾಗ “ಹಿಡಿದಿದಾನೆ” ಎಂದಾಗಿತ್ತು. ಎಮ್ಮೆಯಕ್ಕನನ್ನು ಮುಟ್ಟುವ ಹೊತ್ತಿಗೆ “ಹುಟ್ಟಿದಾಗಿನಿಂದ ಹಿಡೀತಿದಾನೆ” ಎಂದಾಯಿತು. ಅಳೆದು ಸುರಿದಿದ್ದ ಹಾಲನ್ನು ಮತ್ತೆ ತೆಗೆದು ಅಳೆಯಬೇಕೆಂದು ಗಲಾಟೆ ಶುರುವಾಯಿತು. ಬೆರೆತುಹೋದ ಹಾಲಿನಲ್ಲಿ ತನ್ನ ಹಸುವಿನದು ಯಾವುದೆಂದು ಗುರುತು ಹಿಡಿಯಬಲ್ಲೆ ಎಂದು ಒಬ್ಬ ಮುದುಕ ಪಣ ತೊಟ್ಟು ಕ್ಯಾನಿನೊಳಗೆ ಬಗ್ಗಿದ. ಡಿಗ್ರಿ ನಳಿಗೆಯನ್ನು ಬೆಳಕಿಗೆ ಹಿಡಿದು, “ನಾನಂತೂ ನೀರು ನೋಡೋನು, ಅಳತೆ ನಂದಲ್ಲ” ಎಂದು ಎರಡು ಹೆಜ್ಜೆ ದೂರ ಸರಿದು ನಿಂತ.

ಲೀಟರಣ್ಣನ ಕೈಗಳು ಮೊಣಕೈವರೆಗೂ ಹಾಲಾಗಿದ್ದವು. ಫೋನು ತೆಗೆಯುವಂತಿರಲಿಲ್ಲ. ಜೇಬಿನ ಮೇಲಿಂದಲೇ ಗಲ್ಲದಿಂದ ಒತ್ತಿ, ಮೊಣಕೈಯಿಂದ ತಿವಿದು, ಆ ಹಾಳು ಕ್ಷಮೆಯನ್ನು ನಿಲ್ಲಿಸಲು ಹೆಣಗಾಡಿದ. ಚೇಳು ಹೊಕ್ಕ ಅಂಗಿ ತೊಟ್ಟವನ ಹಾಗೆ ಕಾಣುತ್ತಿದ್ದ. ಕೊನೆಗೆ ಕ್ಷಮೆ ನಿಂತಿತು. ಮರುಕ್ಷಣವೇ ಡೋಲು ತಾಳಗಳ ಅಬ್ಬರದೊಂದಿಗೆ ಬೇರೊಂದು ಶುರುವಾಯಿತು. ಸಾಲಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಮಿಣುಕಿದವು:

‘ಲೀಟರಣ್ಣ ನ್ಯಾಯ ಕೇಳುತ್ತಿದ್ದಾರೆ.’

ಎಮ್ಮೆಯಕ್ಕ ಸೆರಗು ಬಿಗಿದಳು.

“ಕೇಳಬೇಕಾದ್ದೇ! ಇನ್ನೆಷ್ಟು ವರ್ಷ ಇವನನ್ನ ತಾತ್ಕಾಲಿಕ, ತಾತ್ಕಾಲಿಕ ಅಂತ ಜೀತ ಮಾಡಿಸೋದು?”

“ಅಕ್ಕಾ, ಅದು ಹಾಡು...”

“ಹೆದರಬೇಡ ಕಣೋ, ನಾವಿದೀವಿ! ಪಾಪ, ಒಂದು ದಿನ ಒಂದು ಹನಿ ಕಡಿಮೆ ಅಳೆದವನಲ್ಲ!”

ಅವನನ್ನು ಕ್ಯಾನಿನಲ್ಲಿ ಅದ್ದಿಬಿಡುವುದರಲ್ಲಿದ್ದ ಜನ ಅದೇ ಕ್ಯಾನುಗಳಲ್ಲಿ ಖಾಲಿಯಾದವನ್ನು ಬೋರಲು ಹಾಕಿ ಅವುಗಳ ಮೇಲೆ ಕೂತರು. ತುಂಬಿದ ಕ್ಯಾನಿನವರು ನೆಲದ ಮೇಲೆ ಕೂತರು. ಲೀಟರಣ್ಣನಿಗೆ ನ್ಯಾಯ ಸಿಗುವವರೆಗೂ ಹಾಲು ಹಾಕುವುದಿಲ್ಲವೆಂದು ಕೂಗಾಯಿತು. ಹಾಲಿನ ಲಾರಿ ಬಂದು ಹಾರನ್ನು ಹೊಡೆಯತೊಡಗಿತು. ಬಿಸಿಲು ಏರುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ ಊರಿನ ಹಾಲೆಲ್ಲ ಒಡೆಯುವುದರಲ್ಲಿತ್ತು.

ಅಧ್ಯಕ್ಷರು ಲೀಟರಣ್ಣನನ್ನು ಒಳಗೆ ಕರೆಸಿದರು. ಫೋನು ಅವರ ಮೇಜಿನ ಮೇಲೂ ಇತ್ತು. ಅವರ ಹಣೆಯಲ್ಲಿ ಬೆವರಿತ್ತು. ಈ ಸಲ ಫ್ಯಾನಿನ ಮಾತೆತ್ತಲು ಅವನಿಗೆ ಧೈರ್ಯವಾಗಲಿಲ್ಲ.

“ಯಾರಯ್ಯಾ ಹೇಳಿಕೊಟ್ಟಿದ್ದು ನಿಂಗೆ? ಬೆಳಿಗ್ಗೆ ಬಿಡುಗಡೆ ಕೇಳ್ದೆ. ಆಮೇಲೆ ಕ್ಷಮೆ. ಈಗ ನ್ಯಾಯಕ್ಕೆ ಬಂದಿದೀಯ!”

“ಸಾರ್, ಅದು ಹಾ...”

“ಹಾ, ಹೂ ಎಲ್ಲ ಬೇಡ. ಇವತ್ತು ಸಂಜೆ ಸಭೆ ಇಟ್ಟುಕೊಂಡು ನಂಗೆ ಈ ರಗಳೆ ಬೇಕಾಗಿಲ್ಲ. ಸಭೇಲಿ ನಿನ್ನ ಹೆಸರೇ ಹೇಳ್ತೀನಿ, ಆಯ್ತಾ? ಹೊರಗೆ ಹೋಗು, ಆ ಜನಕ್ಕೆ ಮೊದಲು ಹಾಲು ಹಾಕೋಕೆ ಹೇಳು.”

‘ಹಾಡು’ ಎಂಬ ಮಾತಿನ ‘ಡು’ ಲೀಟರಣ್ಣನ ಗಂಟಲಲ್ಲೇ ಉಳಿಯಿತು. ಅದನ್ನು ಹೊರಗೆ ತೆಗೆಯಬೇಕಾದ ಅಗತ್ಯ ಅವನಿಗೂ ಆಮೇಲೆ ಕಾಣಲಿಲ್ಲ.

ಮಧ್ಯಾಹ್ನ ಕ್ಯಾನು ತೊಳೆದಿಟ್ಟು ನೆರಳಿನಲ್ಲಿ ಕೂತಿದ್ದಾಗ ಡಿಗ್ರಿ ಬಂದು ಪಕ್ಕದಲ್ಲಿ ಕೂತ. ಮುಖದಲ್ಲಿ ಹೊಟ್ಟೆಕಿಚ್ಚಿನ ಸುಳಿವೇ ಇರಲಿಲ್ಲ.

“ಗೆದ್ದುಬಿಟ್ಟೆ ಬಿಡು ಲೀಟರಣ್ಣಾ. ನಂಗೂ ಖುಷಿಯೇ. ಆದ್ರೆ ಒಂದು ಮಾತು. ಆ ಆ್ಯಪು ಇನ್ನೂ ಹಾಡ್ತಾ ಇದೆಯಲ್ಲ?”

“ಹೂಂ, ಒಂದಾದ ಮೇಲೊಂದು ಬರ್ತಾನೇ ಇದೆ.”

“ಅದೇ ಭಯ ನಂಗೆ. ‘ಸಾವು’ ಅಂತ ಒಂದು ಹಾಡು ಬಂತು ಅಂದ್ಕೋ. ಲೀಟರಣ್ಣ ಸಾವು ಕೇಳುತ್ತಿದ್ದಾರೆ ಅಂತ ಹೋಗುತ್ತೆ. ನಮ್ಮ ಅಧ್ಯಕ್ಷರು ಈಗಿರೋ ಹೆದರಿಕೆಯಲ್ಲಿ ಅದನ್ನೂ ಮಂಜೂರು ಮಾಡಿಬಿಡ್ತಾರೆ.”

ಲೀಟರಣ್ಣ ಜೇಬಿನಿಂದ ಫೋನು ಹೊರತೆಗೆದ. “ಅಯ್ಯೋ ಮಾರಾಯಾ, ಎಲ್ಲಿ ಒತ್ತಿದ್ರೆ ನಿಲ್ಲುತ್ತೆ ಇದು?”

“ಕೊಡಿಲ್ಲಿ, ನಾನೇ ನಿಲ್ಲಿಸ್ತೀನಿ,” ಎಂದ ಡಿಗ್ರಿ, ಸ್ವಂತ ತಮ್ಮನ ಹಾಗೆ. ನಿಲ್ಲಿಸಿಯೂ ಕೊಟ್ಟ.

ಸಂಜೆ ಸಭೆಯ ಕೋಣೆ ತುಂಬಿ ಜನ ಬಾಗಿಲಾಚೆಗೂ ನಿಂತಿದ್ದರು. ಲೀಟರಣ್ಣ ಉಳಿದ ಕೆನ್ನೆಯನ್ನೂ ಹೆರೆದುಕೊಂಡು ಬಂದಿದ್ದ. ಹೆಂಡತಿ ಪೆಟ್ಟಿಗೆಯೊಳಗಿನ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ದೊಡ್ಡಮ್ಮ, ತನಗೆ ಇದು ಮೊದಲೇ ಗೊತ್ತಿತ್ತೆಂದು ಸುತ್ತಲಿನವರಿಗೆ ಹೇಳುತ್ತಿದ್ದಳು. ಎಮ್ಮೆಯಕ್ಕ ಗೋಡೆಗೊರಗಿ ನಿಂತಿದ್ದಳು. ಡಿಗ್ರಿ ಮುಂದಿನ ಸಾಲಿನಲ್ಲಿ ಒಂದು ಕಿವಿಗೆ ವೈರು ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ಏನೂ ಅರಿಯದವನ ಹಾಗೆ ಕೂತಿದ್ದ.

ಅಧ್ಯಕ್ಷರು ಎದ್ದು ನಿಂತು ಕನ್ನಡಕ ಹಾಕಿಕೊಂಡರು. ಕೈಯಲ್ಲಿ ಫೋನಿತ್ತು.

“ಬೆಳಿಗ್ಗೆ ನಾನು ಒಬ್ಬರಿಗೆ ಮಾತು ಕೊಟ್ಟಿದ್ದೆ. ನಿಮಗೆಲ್ಲ ಗೊತ್ತು. ಆದರೆ ಮಧ್ಯಾಹ್ನದಿಂದ ಇದನ್ನೇ ನೋಡ್ತಾ ಇದೀನಿ. ನೀವೂ ನೋಡಿ.” ಅವರು ಒಂದೊಂದೇ ಪದವನ್ನು ಬಿಡಿಸಿ ಓದಿದರು: “ಲೀಟರಣ್ಣ... ಏನನ್ನೂ... ಕೇಳುತ್ತಿಲ್ಲ.”

ಜನ ತಮ್ಮ ತಮ್ಮ ಫೋನು ತೆಗೆದು ನೋಡಿಕೊಂಡರು.

“ಕೊಡ್ತೀವಿ ಅಂದ ಮೇಲೂ ಬೇಡ ಅನ್ನೋ ಮನುಷ್ಯರು ಈ ಕಾಲದಲ್ಲಿ ಎಲ್ಲಿ ಸಿಕ್ತಾರೆ? ಇಂಥ ದೊಡ್ಡ ಮನಸ್ಸಿಗೆ ಎಲ್ಲರೂ ಒಂದ್ಸಲ ಚಪ್ಪಾಳೆ ಹೊಡೀರಿ!”

ಚಪ್ಪಾಳೆ ಬಿತ್ತು. ಎಮ್ಮೆಯಕ್ಕನದೇ ಎಲ್ಲರಿಗಿಂತ ಜೋರು. ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದಳು.

“ಇನ್ನೊಂದು ಕಡೆ ನಮ್ಮ ಡಿಗ್ರಿ,” ಎಂದರು ಅಧ್ಯಕ್ಷರು. “ಮಧ್ಯಾಹ್ನದಿಂದ ಒಂದೇ ಸಮನೆ ನ್ಯಾಯ ಕೇಳ್ತಾ ಇದಾರೆ. ಈಗ, ಈ ನಿಮಿಷದಲ್ಲೂ ಕೇಳ್ತಾ ಇದಾರೆ. ಕೇಳದವರಿಗೆ ಬಲವಂತ ಮಾಡಿ, ಕೇಳೋರನ್ನ ಬಿಟ್ಟರೆ ಡೇರಿಗೆ ಕೆಟ್ಟ ಹೆಸರು. ಹಾಗಾಗಿ ಡಿಗ್ರಿಯವರನ್ನ ಇವತ್ತಿನಿಂದ ಕಾಯಂ ಮಾಡಿದೀವಿ.”

ಮುಂದಿನ ಸಾಲಿನಲ್ಲಿ ಡಿಗ್ರಿಯ ತಲೆ ಅಲ್ಲಾಡುತ್ತಿತ್ತು. ವಿನಯದಿಂದ ಎಂದು ಜನ ತಿಳಿದರು. ಪಕ್ಕದಲ್ಲಿ ಕೂತವರಿಗೆ ಮಾತ್ರ ವೈರಿನೊಳಗಿನಿಂದ ಡೋಲಿನ ಸದ್ದು ಸಣ್ಣಗೆ ಕೇಳಿಸುತ್ತಿತ್ತು.

ಲೀಟರಣ್ಣ ಎದ್ದು ನಿಂತ. ಹೆಂಡತಿ ಹಿಂದಿನಿಂದ ಎರಡೂ ಕೈಗಳಲ್ಲಿ ‘ಹೇಳಿ, ಹೇಳಿ’ ಎಂದು ಸನ್ನೆ ಮಾಡುತ್ತಿದ್ದಳು. ಇಷ್ಟು ವರ್ಷ ಫ್ಯಾನಿನ ಸುತ್ತ ಸುತ್ತಿ ವಾಪಸಾಗಿದ್ದ ಮಾತು, ಜೀವಮಾನದಲ್ಲಿ ಮೊದಲ ಸಲ, ಅವನಿಗೇ ಗುರುತು ಸಿಗದ ದನಿಯಲ್ಲಿ ಹೊರಗೆ ಬಂತು.

“ಸಾರ್! ನಾನೂ ಕೇಳ್ತಾ ಇದೀನಿ ಸಾರ್!”

ಇಡೀ ಸಭೆ ಅವನತ್ತ ತಿರುಗಿತು. ಅಧ್ಯಕ್ಷರು ಕನ್ನಡಕ ತೆಗೆದು ಮಡಚಿದರು. ಫೋನನ್ನು ಜೇಬಿಗಿಳಿಸಿದರು. ಮಗುವನ್ನು ನೋಡಿದ ಹಾಗೆ ಅವನನ್ನು ನೋಡಿ ನಕ್ಕರು.

“ಕೇಳಪ್ಪಾ, ಧಾರಾಳವಾಗಿ ಕೇಳು. ಹಾಡು ಕೇಳೋದಕ್ಕೆ ಇಲ್ಲಿ ಯಾರ ಅಡ್ಡಿಯೂ ಇಲ್ಲ. ಸ್ವಲ್ಪ ಸಣ್ಣಗೆ ಇಟ್ಟುಕೋ ಅಷ್ಟೆ, ಸಭೆ ನಡೀತಾ ಇದೆ.”