ಹಿರಿಕುದುರಿನ ನಾಲ್ಕನೆಯ ಮಹಾಯುದ್ಧ

ತಾಯಿ ವಾಗ್ದೇವಿ, ಮಹಾಕವಿಗಳ ಜಿಹ್ವಾಗ್ರದಲ್ಲಿ ಯುಗಯುಗಾಂತರಗಳಿಂದ ನರ್ತಿಸಿ ನಿನ್ನ ಪಾದಪಲ್ಲವಗಳು ದಣಿದಿರಬೇಕು. ಒಂದು ಗಳಿಗೆ ಈ ದೋಣಿಯ ತುದಿಯಲ್ಲಿ ಕುಳಿತು ವಿಶ್ರಮಿಸಿಕೋ. ಸೀರೆಯ ನೆರಿಗೆಯನ್ನು ಮಾತ್ರ ತುಸು ಮೇಲೆತ್ತಿಕೊಂಡಿರು, ತಳದಲ್ಲಿ ನೀರಿದೆ. ಕಲಿಯುಗದ ಪ್ರಥಮ ಪಾದದಲ್ಲಿ, ಧರ್ಮವು ಒಂಟಿಕಾಲಿನಲ್ಲಿ ನಿಂತು ಆ ಕಾಲಿಗೂ ಜೋಮು ಹಿಡಿದಿದ್ದ ಕಾಲದಲ್ಲಿ, ಹೊಳೆಯು ಕಡಲನ್ನು ಕೂಡುವ ಅಳಿವೆಯ ಇಕ್ಕೆಲಗಳಲ್ಲಿ ರಾರಾಜಿಸುತ್ತಿದ್ದ ಎರಡು ಮಹಾಸಾಮ್ರಾಜ್ಯಗಳ ಘೋರಸಂಗ್ರಾಮವಿದು. ಮೂಡಣ ದಡದಲ್ಲಿ ಮೂಡುದಂಡೆ: ಮೂವತ್ತೊಂದು ಮನೆ, ಎರಡು ಗೂಡಂಗಡಿ. ಪಡುವಣ ದಡದಲ್ಲಿ ಪಡುದಂಡೆ: ಇಪ್ಪತ್ತೊಂಬತ್ತೇ ಮನೆ, ಆದರೆ ಗೂಡಂಗಡಿ ಮೂರು. ಬಲಾಬಲ ಸರಿಸಮವೆಂದು ಬಲ್ಲವರು ಹೇಳುತ್ತಾರೆ.

ಈ ಸಾಮ್ರಾಜ್ಯಗಳ ನಡುವೆ, ಯಾವ ದಡದಿಂದ ಕೂಗಿದರೂ ಕೇಳಿಸದಷ್ಟು ದೂರದಲ್ಲಿ, ಸಾಗರಮುಖದಲ್ಲಿ ಒಂದು ದ್ವೀಪಸಮೂಹವಿತ್ತು. ಸಮೂಹವೆಂದರೆ ಎರಡು ಮರಳದಿಬ್ಬ, ಅಲ್ಲಿಯವರ ಮಾತಿನಲ್ಲಿ ಕುದುರು. ಹಿರಿಕುದುರು ಉದ್ದಕ್ಕೆ ನಲವತ್ತು ಹೆಜ್ಜೆ, ಅಗಲಕ್ಕೆ ಹದಿನೈದು. ಅದರ ಸಮಸ್ತ ಅರಣ್ಯಸಂಪತ್ತು ಉಪ್ಪುನೀರಿನಲ್ಲಿ ಬೆಳೆಯುವ ಒಂದು ಕಾಂಡ್ಲ ಗಿಡ. ಕಿರಿಕುದುರಿನ ಮೇಲೆ ಒಂದು ಕೊಕ್ಕರೆ ನಿಲ್ಲಬಹುದಿತ್ತು; ಎರಡನೆಯದು ಬಂದರೆ ಮೊದಲನೆಯದು ಏಳಬೇಕಿತ್ತು. ಇಳಿತದಲ್ಲಿ ತಲೆಯೆತ್ತಿ ಉಬ್ಬರದಲ್ಲಿ ಮುಳುಗುತ್ತಿದ್ದ ಈ ನೆಲದ ಮರಳಿನಲ್ಲಿ ಚಿಪ್ಪು ಸಿಗುತ್ತಿತ್ತು, ಕಾಯಿ ಹಾಕಿ ಹುಳಿಖಾರದಲ್ಲಿ ಬೇಯಿಸಿದರೆ ಗಂಜಿ ಎರಡು ಬಟ್ಟಲು ಹೆಚ್ಚು ಇಳಿಯುವಂಥ ಚಿಪ್ಪು.

ಅದರ ಒಡೆತನಕ್ಕೆ ಒಂದೇ ಶಾಸನ. ಮಳೆಗಾಲ ಕಳೆದ ಮೇಲೆ ಕುದುರಿನಲ್ಲಿ ಯಾರ ಹೊಗೆ ಮೊದಲು ಏಳುವುದೋ, ಆ ವರ್ಷದ ಚಿಪ್ಪು ಆ ದಡದ್ದು. ಮೂರು ಕಲ್ಲಿಟ್ಟು, ಗಂಜಿಗೆ ನೀರಿಟ್ಟು, ಬೆಂಕಿ ಹಚ್ಚುವುದು ವಾಡಿಕೆ. ಹೊಗೆ ಒಲೆಯದ್ದೇ ಆಗಬೇಕೆಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಮೊದಲು ಹೊಗೆ ಎಬ್ಬಿಸಿದವರು ಎದುರು ದಡದವರನ್ನೂ ಗಂಜಿಗೆ ಕರೆಯುತ್ತಿದ್ದರು, ಅವರೂ ಉಂಡು ಚಿಪ್ಪು ಹೆಕ್ಕಿಕೊಂಡೇ ಹೋಗುತ್ತಿದ್ದರು. ಇಂಥ ಕೆಟ್ಟ ಶಾಂತಿ ಎಷ್ಟೋ ತಲೆಮಾರು ನಡೆದುಕೊಂಡು ಬಂದಿತ್ತು.

ಆ ಶಾಂತಿಯನ್ನು ಭಂಗಿಸಿದ ಮಹಾಪುರುಷನೇ ನಮ್ಮ ಕಥಾನಾಯಕ: ಮೂಡುದಂಡೆಯ ಹೆರಿಯಣ್ಣ. ಮತ್ಸ್ಯಕುಲಕಾಲಾಂತಕನೂ, ಅಡಿಕೆಹಾಳೆಯ ಮುಟ್ಟಾಳೆಯನ್ನೇ ರತ್ನಕಿರೀಟದಂತೆ ಧರಿಸುವವನೂ, ಒಮ್ಮೆ ಯಕ್ಷಗಾನದ ಮೇಳದವರಿಗೆ ಜನ ಕಡಿಮೆಯಾದಾಗ ದ್ವಾರಪಾಲಕನ ವೇಷ ಕಟ್ಟಿ ಒಂದೇ ಒಂದು ಮಾತನ್ನು ಮೂರು ಸಲ ಹೇಳಿದವನೂ ಆದ ಈತನ ಒಬ್ಬಳೇ ತಂಗಿ ಅಕ್ಕಣಿ. ಅವಳನ್ನು ಪಡುದಂಡೆಯ ಶೀನಪ್ಪನಿಗೆ ಕೊಟ್ಟಿದ್ದರು. ಬೀಡಿಧೂಮಕಪಿಲಶ್ಮಶ್ರುವಾದ ಆ ಶೀನಪ್ಪ, ಮೂರೂವರೆ ವರ್ಷದ ಹಿಂದೆ, ಭಾವನ ಮನೆಯಲ್ಲಿ ಉಣ್ಣುತ್ತ, ಬೆರಳು ನೆಕ್ಕುತ್ತ, ಯಾವ ದುರುದ್ದೇಶವೂ ಇಲ್ಲದೆ ಒಂದು ಮಾತು ಆಡಿದ.

"ನಮ್ಮ್ ಕುದುರಿನ ಚಿಪ್ಪಂದ್ರೆ ಹೀಂಗೇ ಕಾಣಿ ಭಾವ, ರುಚಿಯೇ ಬೇರೆ."

"ನಿಮ್ಮ್ ಕುದುರಾ?" ಎಂದ ಹೆರಿಯಣ್ಣ.

ಅಷ್ಟೇ. ಮಜ್ಜಿಗೆ ಬಡಿಸುವ ಹೊತ್ತಿಗೆ ಗಡಿಗಳು ಮುಚ್ಚಿದ್ದವು. ಕೈ ತೊಳೆಯುವ ಹೊತ್ತಿಗೆ ಅಜ್ಜಂದಿರನ್ನು ಸಾಕ್ಷಿಗೆ ಕರೆದಾಗಿತ್ತು. ಇಬ್ಬರನ್ನೂ ನೋಡುವಷ್ಟು ನೋಡಿ ಅಕ್ಕಣಿ ಎದ್ದು ನಿಂತಳು.

"ಈ ಕುದುರಿನ ಗಲಾಟಿ ಮುಗಿವಲ್ಲಿವರಿಗೆ ನಾ ಈ ಮನಿ ಮೆಟ್ಲ್ ಹತ್ತುದಿಲ್ಲ. ಇಬ್ರಿಗೂ ಹೇಳ್ತಿದ್ದೆ."

ಭೀಷಣ ಪ್ರತಿಜ್ಞೆಗಳನ್ನು ಪುರಾಣದಲ್ಲಿ ಕೇಳಿದ್ದೇವೆ. ಪಾಲಿಸಿದ್ದನ್ನು ಅಕ್ಕಣಿಯಲ್ಲಿ ಕಂಡೆವು. ಹೊಸ ಅಕ್ಕಿಯ ಅನ್ನ ಉಣ್ಣುವ ಹೊಸ್ತಿನ ಹಬ್ಬಕ್ಕೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವುದುಂಟು. ಮೂರು ಹೊಸ್ತು ಕಳೆದವು, ಅವಳು ಬರಲಿಲ್ಲ. ಮೂರು ಸಲವೂ ಹೆರಿಯಣ್ಣ ತನ್ನ ಪಕ್ಕದಲ್ಲಿ ಅವಳ ಹೆಸರಿನ ಎಲೆ ಹಾಕಿಸಿ, ಬಡಿಸಿಸಿ, ಬಾಗಿಲು ನೋಡುತ್ತ ಕೂತು, ಕೊನೆಗೆ ಹೊಸ ಅನ್ನ ಚೆಲ್ಲಬಾರದೆಂದು ಎರಡೂ ಎಲೆಯನ್ನು ತಾನೇ ಉಂಡು ಹೊಟ್ಟೆ ಕೆಡಿಸಿಕೊಂಡಿದ್ದ. ಇನ್ನೊಂದು ನಷ್ಟವೂ ಆಗಿತ್ತು. ಜನ್ಮದಲ್ಲಿ ಒಂದು ಕಟ್ಟು ಬೀಡಿಯನ್ನೂ ಕೊಂಡವನಲ್ಲ ಹೆರಿಯಣ್ಣ, ಸೇದಿದ್ದೆಲ್ಲ ಭಾವನದ್ದೇ. ಅವನು ಚಟ ಬಿಟ್ಟನೆಂದು ಹೆಂಡತಿ ನಾಗಮ್ಮ ದೇವರಿಗೆ ಹಣ್ಣುಕಾಯಿ ಮಾಡಿಸಿದ್ದಳು. ಬೀಡಿಯ ಆಕರವು ಶತ್ರುದೇಶದಲ್ಲಿ ಸಿಕ್ಕಿಬಿದ್ದಿದ್ದು ಅವಳಿಗೆ ತಿಳಿಯದು.

ಈ ನಡುವೆ ಮೂರು ಮಹಾಯುದ್ಧಗಳು ಆಗಿಹೋಗಿದ್ದವು. ಮೊದಲನೆಯದರಲ್ಲಿ ಎರಡು ಒಲೆಯನ್ನೂ ಅಕಾಲದ ಮಳೆ ನಂದಿಸಿತು. ಎರಡನೆಯದರಲ್ಲಿ ಎರಡು ಹೊಗೆಯೂ ಒಟ್ಟಿಗೇ ಎದ್ದವು. ಮೂರನೆಯದರಲ್ಲಿ ಒಬ್ಬರಿಗಿಂತ ಒಬ್ಬರು ಮೊದಲು ಮುಟ್ಟಬೇಕೆಂಬ ಆತುರಕ್ಕೆ ಉಬ್ಬರ ಇಳಿಯುವ ಮೊದಲೇ ಹೋಗಿ, ದ್ವೀಪವೇ ಸಿಗದೆ, ಕಾಂಡ್ಲ ಗಿಡದ ತಲೆಯನ್ನು ಸುತ್ತಿ ಬಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗೆದ್ದರೂ ಜಗಳ ಮುಗಿಯುತ್ತದೆ, ಸೋತರೂ ಮುಗಿಯುತ್ತದೆ, ಮುಗಿದರೆ ತಂಗಿ ಬರುತ್ತಾಳೆ. ಇಷ್ಟು ಹೆರಿಯಣ್ಣನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ತಂಗಿ. ಆದರೆ ಸೋಲುವುದು ಹೇಗೆಂದು ತಿಳಿದಿರಲಿಲ್ಲ. ವೀರರಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ.

ಹೀಗಿರಲು ನಾಲ್ಕನೆಯ ವರ್ಷ, ಹೊಸ್ತಿನ ಹಿಂದಿನ ದಿನ ಬೆಳಿಗ್ಗೆ, ಮಳೆಗಾಲದ ನಂತರ ಮೊದಲ ಸಲ ಕುದುರು ನೀರಿನ ಮೇಲೆ ಬೆನ್ನು ತೋರಿಸಿತು. ನಾಗಮ್ಮ ಗಂಜಿಯ ಪಾತ್ರೆಯನ್ನೂ ಅಕ್ಕಿಯನ್ನೂ ದೋಣಿಗೆ ಏರಿಸಿ ವೀರಪತ್ನಿಗೆ ತಕ್ಕ ಮಾತು ಹೇಳಿದಳು.

"ಗೆಲ್ಲಿ ಇಲ್ದಿರೆ ಸೋಲಿ, ಎಂತಾರೂ ಒಂದ್ ಮಾಡ್ಕಂಡ್ ಬನ್ನಿ. ನಾಳೆ ಎರಡೆಲಿ ಊಟ ಮಾಡುಕೆ ನಾ ಬಿಡುದಿಲ್ಲ."

ಚತುರಂಗಸೇನೆ ಹೊರಟಿತು. ಮೊಣಕಾಲು ನೋವಿನವನೊಬ್ಬ, ಗಂಜಿ ಸಿಗುತ್ತದೆಂದು ಬಂದವನೊಬ್ಬ, ಮೂರನೆಯವನೇ ಸೇನಾನಿ. ಒಣಗಿದ ತೆಂಗಿನ ಗರಿಯನ್ನೂ ಕಟ್ಟಿಗೆಯನ್ನೂ ತಲೆಯ ಮೇಲೆ ಹೊತ್ತು, ಬೆಂಕಿಪೊಟ್ಟಣವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು, ಹೆರಿಯಣ್ಣ ದೋಣಿಯ ಮುಂದಲೆಯಲ್ಲಿ ನಿಂತಿದ್ದ. ಆಚೆಯಿಂದ ಶೀನಪ್ಪನ ನೌಕಾಬಲವೂ ಇಬ್ಬರು ಭಟರೊಡನೆ ಬರುತ್ತಿರುವುದು ಕಾಣಿಸಿತು. ದ್ವಾರಪಾಲಕನ ಸ್ವರ ಇಪ್ಪತ್ತು ವರ್ಷದ ನಿದ್ರೆಯಿಂದ ಎಚ್ಚೆತ್ತಿತು.

"ಎಲವೋ ಪಶ್ಚಿಮತೀರಾಧಮನೇ" ಎಂದು ಗರ್ಜಿಸಿದ ಹೆರಿಯಣ್ಣನಿಗೆ, ತಂಗಿಯ ಗಂಡನನ್ನು ಹಾಗೆ ಕರೆಯಬಾರದೆಂಬುದು ಆ ಕ್ಷಣವೇ ನೆನಪಾಯಿತು. "ಅಲ್ಲ, ಎಲೈ ಭಾವನವರೇ. ಪ್ರಳಯಕಾಲದ ವಾರಿಧಿಯಂತೆ ಉಕ್ಕಿ ಬರುತ್ತಿರುವ ಈ ಮೂಡುದಂಡೆಯ ಅಕ್ಷೌಹಿಣಿಯನ್ನು ಕಂಡೂ ನಿಮ್ಮ ದೋಣಿ ಹಿಂದಿರುಗದೆ ಹೋದರೆ, ನಿಮ್ಮ ಕೀರ್ತಿಯೆಂಬ ದೀಪವನ್ನು ನನ್ನ ಒಲೆಯ ಹೊಗೆಯಿಂದ ಮಸಿ ಹಿಡಿಸುವೆನು."

ಶೀನಪ್ಪನೂ ರಾಕ್ಷಸನ ದಂಡಿನಲ್ಲಿ ಒಮ್ಮೆ ಗೆಜ್ಜೆ ಕಟ್ಟಿದವನೇ. "ಭಲಿರೇ ಭಾವ, ಬಾಯಲ್ಲಿ ಹೊಗೆಯೆಬ್ಬಿಸುವವರನ್ನು ಬಹಳ ಕಂಡಿದ್ದೇನೆ. ಸಪ್ತದ್ವೀಪಗಳ ವಸುಂಧರೆಯನ್ನೇ ಕೇಳಿದರೂ ಕೊಟ್ಟೇನು, ಈ ಎಂಟನೆಯದರ ಮರಳಿನಲ್ಲಿ ಒಂದು ಹರಳನ್ನೂ ಕೊಡೆನು" ಎಂದು, ಉಸಿರು ಸಾಲದೆ, "ಮತ್ತೆಂತ ಹೇಳೂದ್ ಮಾರಾಯ, ಬೇಗ ಹುಟ್ಟ್ ಹಾಕ್" ಎಂದು ತನ್ನ ಭಟನಿಗೆ ಹೇಳಿದ.

ದೋಣಿಗಳು ಕುದುರಿಗೆ ಹತ್ತಿರವಾದವು. ಅಂಬಿಗನೊಬ್ಬ ದೋಣಿಯಲ್ಲಿ ಉಳಿದು ಹಗ್ಗ ಕಟ್ಟುವುದು ಲೋಕರೂಢಿ. ಆದರೆ ಇತಿಹಾಸದ ಅಂಥ ಗಳಿಗೆಯಲ್ಲಿ ಹಗ್ಗ ಹಿಡಿದು ಕೂರುವ ಹೇಡಿ ಯಾರು? ಹೆರಿಯಣ್ಣ ಸಿಂಹದಂತೆ ಹಾರಿದ, ಸೊಂಟದ ಮಟ್ಟದ ನೀರಿಗೆ ಬಿದ್ದ. ಅವನ ಹಿಂದೆ ಗಂಜಿಯ ಪಾತ್ರೆಯೊಡನೆ ಒಬ್ಬ ಭಟ, ಮೊಣಕಾಲು ಮರೆತು ಇನ್ನೊಬ್ಬ. ಆ ಕಡೆಯ ಮೂವರೂ ಹಾಗೆಯೇ ಹಾರಿದರು. ಆರು ಮಂದಿ ಒಟ್ಟಿಗೇ ದ್ವೀಪಾರೋಹಣ ಮಾಡಿದರು. ಎರಡು ದೋಣಿಗಳು ಒಂದಕ್ಕೊಂದು ಮೈ ತಾಗಿಸಿಕೊಂಡು, ಯಾರನ್ನೂ ಕೇಳದೆ, ಹೊರಟುಹೋದವು.

ಅದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಹೆರಿಯಣ್ಣ ಮೂರು ಕಲ್ಲಿಟ್ಟ, ತಲೆಯ ಮೇಲಿದ್ದು ಉಳಿದ ಗರಿಯನ್ನು ಸಿಗಿದಿಟ್ಟ, ಸೊಂಟಕ್ಕೆ ಕೈ ಹಾಕಿದ. ಬೆಂಕಿಪೊಟ್ಟಣ ಗಂಜಿಯಾಗಿತ್ತು. ಹತ್ತು ಹೆಜ್ಜೆ ಆಚೆ ಶೀನಪ್ಪನ ಬೆಂಕಿಪೊಟ್ಟಣ ತಲೆಗೆ ಸುತ್ತಿದ ಬೈರಾಸಿನ ಮಡಿಕೆಯಲ್ಲಿ, ಬೀಡಿಕಟ್ಟಿನ ಪಕ್ಕದಲ್ಲಿ, ಬೆಚ್ಚಗಿತ್ತು. ಆದರೆ ಅವನ ಕಟ್ಟಿಗೆಯ ಹೊರೆ ದೋಣಿಯ ತಳದ ನೀರಿನಲ್ಲಿ ಬೆಳಗಿನಿಂದ ನೆನೆದದ್ದು. ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು. ಹತ್ತು ಕಡ್ಡಿ ಗೀರಿದರೂ ಅದು ಹತ್ತಲಿಲ್ಲ.

ಎರಡು ಸೇನೆಗಳೂ ಪರಸ್ಪರ ದಿಟ್ಟಿಸುತ್ತ ಕುಳಿತವು. ಬಿಸಿಲೇರಿತು.

"ಹೆರಿಯಣ್ಣ, ಅವ್ರ ಹತ್ರ ಬೆಂಕಿ ಇತ್ತ್, ನಮ್ಮತ್ರ ಕಟ್ಟ್ಗಿ ಇತ್ತ್. ಸೇರ್ಸಿರೆ ಗಂಜಿ ಆತ್ತ್" ಎಂದ ಗಂಜಿಯ ಭಟ.

"ಅದ್ ರಾಜನೀತಿ ಅಲ್ಲ. ಸುಮ್ನೆ ಕೂಕೋ."

ಆಗ ಶೀನಪ್ಪ, ಹಸಿವಿಗೋ ಬೇಸರಕ್ಕೋ, ಬೈರಾಸಿನಿಂದ ಒಂದು ಬೀಡಿ ತೆಗೆದು, ಅಂಗೈಯ ಮರೆಯಲ್ಲಿ ಕಡ್ಡಿ ಗೀರಿ ಹಚ್ಚಿದ. ಮೂರು ವರ್ಷದಿಂದ ಮೂಗು ಮರೆತಿದ್ದ ವಾಸನೆ ಗಾಳಿಯಲ್ಲಿ ತೇಲಿ ಬಂತು. ಹೆರಿಯಣ್ಣ ಎದ್ದದ್ದು, ಹತ್ತು ಹೆಜ್ಜೆ ನಡೆದದ್ದು, ಎರಡು ಬೆರಳು ಬಿಡಿಸಿ ಬಲಗೈ ಚಾಚಿದ್ದು, ಒಂದೂ ಅವನ ಅಪ್ಪಣೆಯಿಂದ ಆದದ್ದಲ್ಲ. ಮೂವತ್ತು ವರ್ಷದ ರೂಢಿ ಅವನನ್ನು ನಡೆಸಿಕೊಂಡು ಹೋಗಿತ್ತು. ಶೀನಪ್ಪನ ಕೈಯೂ ಯಜಮಾನನನ್ನು ಕೇಳದೆ ಆ ಬೆರಳುಗಳ ನಡುವೆ ಒಂದು ಬೀಡಿ ಇಟ್ಟಿತು. ತುದಿಗೆ ತುದಿ ತಾಗಿಸಿ ಹಚ್ಚಿಕೊಂಡರು. ಒಂದು ದೀರ್ಘ ದಮ್ಮು ಎಳೆದ ಮೇಲೆಯೇ ಇಬ್ಬರಿಗೂ ತಾವು ಶತ್ರುಗಳೆಂಬುದು ನೆನಪಾದದ್ದು.

"ಹ್ವಾಯ್, ಹೊಗಿ ಎದ್ದಿತ್ ಕಾಣಿ" ಎಂದ ಮೊಣಕಾಲಿನ ಭಟ.

ಎಲ್ಲರೂ ಮೇಲೆ ನೋಡಿದರು. ನೀಲಾಕಾಶದಲ್ಲಿ ಸಾರ್ವಭೌಮತ್ವದ ಧ್ವಜದಂತೆ ಒಂದು ತೆಳ್ಳನೆಯ ಹೊಗೆ ಏಳುತ್ತಿತ್ತು. ಮೊದಲು ಎದ್ದದ್ದು ಶೀನಪ್ಪನದ್ದೆಂಬುದರಲ್ಲಿ ಸಂಶಯವಿರಲಿಲ್ಲ. ಸೋಲು ಇಷ್ಟು ಹತ್ತಿರ ಬಂದು ನಿಂತಿದೆ, ಒಪ್ಪಿಕೊಂಡರೆ ನಾಳೆ ಅಕ್ಕಣಿ ಬರುತ್ತಾಳೆ. ಹೆರಿಯಣ್ಣನ ನಾಲಗೆ ಮಾತ್ರ ಏಳಲೊಲ್ಲದು.

ಶೀನಪ್ಪನೇ ಮಾತಾಡಿದ. "ಭಾವ, ಕುದುರ್ ನೀವೇ ಇಟ್ಕಣಿ."

"ಎಂತಕೆ?"

"ಹೊಸ್ತಿನ ದಿನ ಅವ್ಳ್ ಹೊಳಿ ಬದಿಗ್ ಮುಖ ಮಾಡ್ ಕೂಕಂತ್ಲ್. ಮೂರ್ ವರ್ಷ ಆಯ್ತ್. ನಂಗ್ ಕಾಂಬುಕ್ ಆತಿಲ್ಲೆ."

ಹೆರಿಯಣ್ಣನ ಕಣ್ಣು ಹನಿಯಿತು, ಬೀಡಿಯ ಹೊಗೆಯೆಂದು ಒರೆಸಿಕೊಂಡ. ಆದರೆ ದಾನವಾಗಿ ಬಂದ ಸಾಮ್ರಾಜ್ಯವನ್ನು ಕ್ಷತ್ರಿಯನು ಸ್ವೀಕರಿಸುವುದುಂಟೆ? "ಅದೆಂತ ಮಾತ್ ಭಾವ. ನಿಮ್ಮ್ ಹೊಗಿ ಮೊದ್ಲ್ ಎದ್ದದ್. ನೀವೇ ಇಟ್ಕಣಿ."

"ಬೀಡಿ ಹೊಗಿ ಲೆಕ್ಕಕ್ಕಿಲ್ಲೆ. ನಿಮ್ಗೇ."

"ಲೆಕ್ಕಕ್ಕಿತ್ತ್. ನಿಮ್ಗೇ."

"ಕೊಟ್ಟದ್ ತಕಂಡ್ರೆ ನಿಮ್ಗೆಂತ ನಷ್ಟ?"

"ನಾ ಕೇಂಡಿದ್ನಾ ನಿಮ್ಮತ್ರ ಕೊಡಿ ಅಂದ್?"

ಹೀಗೆ ಆರಂಭವಾದ ಐದನೆಯ ಮಹಾಯುದ್ಧವು ಹಿಂದಿನ ನಾಲ್ಕನ್ನೂ ಮೀರಿಸಿತು. ಮೂರು ವರ್ಷ ಕಸಿಯಲು ಕಾದಾಡಿದವರು ಈಗ ಕೊಡಲು ಕಾದಾಡಿದರು. ಭಟರೂ ತಮ್ಮ ತಮ್ಮ ರಾಜರ ಔದಾರ್ಯದ ಪರವಾಗಿ ತೋಳೇರಿಸಿದರು. ಒಲೆಯ ಮೂರು ಕಲ್ಲು ಯಾವಾಗ ಕಾಣದಾದವೋ ಯಾರಿಗೂ ಗೊತ್ತಾಗಲಿಲ್ಲ.

ಪಡುದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಅಕ್ಕಣಿ ಕಂಡದ್ದು, ಜನವಿಲ್ಲದ ಎರಡು ದೋಣಿಗಳು ಉಬ್ಬರದೊಡನೆ ಮೂಡುದಂಡೆಯ ಕಡೆಗೆ ತೇಲಿ ಹೋಗುತ್ತಿರುವುದನ್ನು. ಅವಳು ನೆರೆಮನೆಯ ದೋಣಿ ಬಿಚ್ಚಿದಳು. ಅಳಿವೆಯ ನಡುವೆ ಬಂದು ನೋಡಿದರೆ, ಆರು ಮಂದಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಸುತ್ತ ಎಲ್ಲೂ ನೆಲದ ಸುಳಿವಿಲ್ಲದೆ, ಕೈ ಬೀಸಿ ಜಗಳಾಡುತ್ತಿದ್ದರು.

"ಎಂತ ಅದ್ ಗಲಾಟಿ?"

"ಕುದುರ್ ನೀವೇ ಇಟ್ಕಣಿ ಅಂದ್ರೆ ಭಾವ ಕೇಂತಿಲ್ರ್" ಎಂದ ಶೀನಪ್ಪ.

ಅಕ್ಕಣಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಯಾವ ಕುದುರ್?"

ಇಬ್ಬರು ಚಕ್ರವರ್ತಿಗಳೂ ತಮ್ಮ ಕಾಲ ಬುಡ ನೋಡಿಕೊಂಡರು.

"ಹತ್ತಿ" ಎಂದಳು. ಹತ್ತಿದರು. ಅವಳು ದೋಣಿಯನ್ನು ಮೂಡಣಕ್ಕೆ ತಿರುಗಿಸಿದಳು. ಯಾಕೆಂದು ಕೇಳಲು ಹೆರಿಯಣ್ಣನಿಗೆ ಧೈರ್ಯ ಸಾಲಲಿಲ್ಲ. ಅವಳೇ ಹೇಳಿದಳು: "ನಿಮ್ಮ್ ಎರಡ್ ದೋಣಿಯೂ ಅತ್ತಿಗಿ ಮನಿ ಹಿಂದೆ ಹೋಯ್ ನಿಂತಿತ್ತ್. ಅಲ್ಲಿಗೇ ಹೋಯ್ಕಲೆ."

ಮನೆಯ ಮೆಟ್ಟಿಲ ಬುಡದಲ್ಲಿ ಅವಳು ನಿಂತಳು. "ಗಲಾಟಿ ಮುಗೀತಾ?"

"ಮುಗೀತ್" ಎಂದ ಹೆರಿಯಣ್ಣ.

"ಗೆದ್ದದ್ ಯಾರ್?"

ಇಬ್ಬರೂ ಬೆರಳೆತ್ತಿ ಒಬ್ಬರನ್ನೊಬ್ಬರು ತೋರಿಸಿದರು. ಅಕ್ಕಣಿ ಅದನ್ನು ನೋಡಿ, ಕಾಲು ತೊಳೆದು, ಮೆಟ್ಟಿಲು ಹತ್ತಿದಳು.

ಯುದ್ಧದ ಕೊಳ್ಳೆ ಗಂಜಿಯ ಭಟನ ಮುಂಡಿನ ಅಂಚಿನಲ್ಲಿತ್ತು: ವಾಗ್ಯುದ್ಧದ ನಡುವೆ ಕಾಲಿಗೆ ತಾಗಿದ ಎಂಟು ಚಿಪ್ಪು. ಐದು ಮಹಾಯುದ್ಧ ಮಾಡಿ, ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ನಾಗಮ್ಮ ಗಂಡನ ಪಕ್ಕ ಹಾಯುವಾಗ ಒಮ್ಮೆ ಮೂಗರಳಿಸಿ, "ಬೀಡಿ ವಾಸ್ನಿ ಬತ್ತಿತ್. ನಾಳೆ ಕಳೀಲಿ, ಕೇಂತೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಚಿಪ್ಪಿನ ಪದಾರ್ಥವನ್ನು ಅಕ್ಕಣಿಯೇ ಮಾಡಿದಳು. ಹೆರಿಯಣ್ಣ ನಾಳೆ ಹಾಕಬೇಕಾದ ಎಲೆಯನ್ನು ಇವತ್ತೇ ತನ್ನ ಪಕ್ಕದಲ್ಲಿ ಹಾಕಿ, ನೀರು ಚಿಮುಕಿಸಿ ಒರೆಸಿ ಇಟ್ಟ. ಬಡಿಸಿ ಮುಗಿದ ಮೇಲೆ ಅಕ್ಕಣಿ ಬಂದು ಅದರ ಮುಂದೆ ಕೂತಳು.

ತಲೆಗೊಂದರಂತೆ ಚಿಪ್ಪು ಬಂದಿತ್ತು. ಹೆರಿಯಣ್ಣ ತನ್ನ ಪಾಲಿನದನ್ನು ಬಾಯಿಗಿಟ್ಟ. ಅದರೊಳಗೆ ಮಾಂಸವಿರಲಿಲ್ಲ, ಮರಳಿತ್ತು. ಹಿರಿಕುದುರು ಅವನ ಹಲ್ಲಿನ ಅಡಿಯಲ್ಲಿ ಕರಕರ ಎಂದಿತು.

"ಹ್ಯಾಂಗಿತ್ತ್ ಅಣ್ಣಯ್ಯ?" ಎಂದಳು ಅಕ್ಕಣಿ.

"ಲಾಯ್ಕ್ ಇತ್ತ್" ಎಂದು ಹೆರಿಯಣ್ಣ ನುಂಗಿದ.